ಮಧ್ಯ ವಾಯುಮಂಡಲವೂ ಮುನಿಶಾಮಪ್ಪನವರ ನೀರಿನ ತೊಟ್ಟಿಯೂ

ವಿಷಯ: ಸೂರ್ಯಗ್ರಹಣದ ಕಾಲದಲ್ಲಿ ಮಧ್ಯ ವಾಯುಮಂಡಲದ ತಾಪಮಾನದಲ್ಲಿ ಆಗುವ ಇಳಿಕೆಯನ್ನು ಹೊರಮಾವಿನ ಅಂಗಳದಿಂದ ಅಳೆಯಲು ಹೋಗಿ, ಇಡೀ ವಠಾರದ ಸ್ನಾನಕ್ಕೆ ಉಂಟಾದ ಅಡಚಣೆಯ ಕುರಿತು.

ಮಾನ್ಯ ಓದುಗರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ, ವಿಜ್ಞಾನದ ವಿಷಯದಲ್ಲಿ ನನಗೆ ಮೊದಲಿನಿಂದಲೂ ಅಪಾರ ಧೈರ್ಯ. ಜ್ಞಾನದ ಪ್ರಶ್ನೆ ಬೇರೆ. ಅದನ್ನು ಮುಂದಿನ ಪುಟಗಳಲ್ಲಿ ತಾವೇ ಪರಿಶೀಲಿಸಿ ಸೂಕ್ತ ತೀರ್ಮಾನಕ್ಕೆ ಬರಬಹುದು.

ಸಾವಿರದ ಒಂಬೈನೂರ ತೊಂಬತ್ತೈದರಲ್ಲಿ ನಾನು ಶಿವಾಜಿನಗರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಪತ್ರ ಬಂದರೆ ಉತ್ತರ ಬರೆಯುವುದು, ಉತ್ತರ ಬಾರದಿದ್ದರೆ ಜ್ಞಾಪನ ಬರೆಯುವುದು, ಜ್ಞಾಪನಕ್ಕೂ ಉತ್ತರ ಬಾರದಿದ್ದರೆ ಊಟಕ್ಕೆ ಹೋಗುವುದು, ಇವಿಷ್ಟು ನನ್ನ ಕರ್ತವ್ಯಗಳು. ವಾಸ ಹೊರಮಾವಿನಲ್ಲಿ. ಆಗಿನ್ನೂ ಅದು ಅರ್ಧ ಊರು, ಅರ್ಧ ತೋಟ. ಸಿಂಧನೂರಿನ ಕಡೆಯಿಂದ ಬಂದ ನಾನೂ ನನ್ನ ಹೆಂಡತಿ ಶರಣಮ್ಮನೂ ಮುನಿಶಾಮಪ್ಪನವರ ವಠಾರದಲ್ಲಿ ಒಂದೇ ಕೋಣೆಯ ಮನೆಯಲ್ಲಿದ್ದೆವು. ಮುನಿಶಾಮಪ್ಪನವರು ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆದಿದ್ದರು. ಎಂಟು ಮನೆ, ಒಂದು ಬಚ್ಚಲು, ಅಂಗಳದ ನಡುವೆ ಒಂದು ದೊಡ್ಡ ಸಿಮೆಂಟಿನ ತೊಟ್ಟಿ. ಎಲ್ಲರ ನೀರೂ ಅದರಲ್ಲೇ.

ಎಂಟರ ಪೈಕಿ ಮೂಲೆಮನೆ ಮಾತ್ರ ಬೇರೆ ದರ್ಜೆಯದು. ಎರಡು ಕೋಣೆ, ಸ್ವಂತ ಬಚ್ಚಲು, ಒಳಗೇ ನಲ್ಲಿ! ಅಲ್ಲಿದ್ದವರು ದೀಪಾವಳಿ ಮುಗಿಸಿ ಖಾಲಿ ಮಾಡುವವರಿದ್ದರು. ಪ್ರತಿದಿನ ಬೆಳಿಗ್ಗೆ ಬಕೆಟ್ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ ಶರಣಮ್ಮನಿಗೆ ಆ ನಲ್ಲಿಯ ಮೇಲೆ ಪ್ರಾಣ.

"ಸೀರಿ ಬ್ಯಾಡ, ಬಂಗಾರ ಬ್ಯಾಡ್ರಿ. ನನ್ನ ಕೈಲೆ ತಿರುವೋ ನಲ್ಲಿ ಒಂದು ಇದ್ರ ಸಾಕು," ಎಂದು ಅವಳು ನನಗೆ ಮೌಖಿಕ ಅರ್ಜಿ ಸಲ್ಲಿಸಿದ್ದಳು.

ಆದರೆ ಪಕ್ಕದ ಮನೆಯ ಸೆಲ್ವಂನೂ ಅದೇ ಮನೆ ಕೇಳಿದ್ದ. ಹಲಸೂರಿನವನು, ಗ್ಯಾರೇಜಿನಲ್ಲಿ ಮೆಕ್ಯಾನಿಕ್, ನಾಲಿಗೆ ಬಹಳ ಚುರುಕು. ಮುನಿಶಾಮಪ್ಪನವರು ಇಬ್ಬರಿಗೂ ಒಂದೇ ಉತ್ತರ ಕೊಟ್ಟಿದ್ದರು. "ದೀಪಾವಳಿ ಅಬ್ಬ ಆಗ್ಲಿ ಸಾಮಿ. ಗಲಾಟೆ ಇಲ್ದಿರೋ ಮನುಷ್ರು ಯಾರು ಅಂತ ನೋಡಿ ಕೊಡ್ತೀನಿ."

ಗಲಾಟೆಯಿಲ್ಲದವನು ಎಂಬುದಷ್ಟೇ ಸಾಲದು, ವಿದ್ವಾಂಸ ಎಂದೂ ಸಾಬೀತಾದರೆ ಮನೆ ನನ್ನದೇ ಎಂದು ನಾನು ನಿರ್ಧರಿಸಿದೆ. ಅದಕ್ಕೆ ತಕ್ಕಂತೆ ದೀಪಾವಳಿಯ ಅಮಾವಾಸ್ಯೆಗೇ ಸೂರ್ಯಗ್ರಹಣ ಬಂತು. ಅದರ ಬಗ್ಗೆ ಕಂಟೋನ್ಮೆಂಟಿನ ಒಂದು ಸಭಾಂಗಣದಲ್ಲಿ ಭಾನುವಾರ ಉಪನ್ಯಾಸವೂ ಇತ್ತು. ಹಾಜರಾದೆ.

ಉಪನ್ಯಾಸಕರು ತೆಳ್ಳಗೆ, ಬೆಳ್ಳಗೆ, ಮೆಲ್ಲಗೆ ಮಾತನಾಡುವವರು. "ಗ್ರಹಣದ ವೇಳೆ ನೆಲದ ಹತ್ತಿರ ಸ್ವಲ್ಪ ತಂಪಾಗುವುದು ಎಲ್ಲರಿಗೂ ಗೊತ್ತು. ಆದರೆ ಮೇಲೆ, ಮಧ್ಯ ವಾಯುಮಂಡಲದಲ್ಲಿ, ಓಜೋನ್ ಅನಿಲ ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಆ ಪದರವನ್ನು ಬೆಚ್ಚಗಿಟ್ಟಿರುತ್ತದೆ. ಚಂದ್ರನ ನೆರಳು ಓಡಿ ಬಂದಾಗ ಉರಿಯುವ ಒಲೆಯನ್ನು ಒಮ್ಮೆಲೇ ತಗ್ಗಿಸಿದ ಹಾಗಾಗುತ್ತದೆ. ತಾಪಮಾನ ಇಳಿಯುತ್ತದೆ. ಎಷ್ಟು ಇಳಿಯುತ್ತದೆ, ಎಷ್ಟು ಬೇಗ ಇಳಿಯುತ್ತದೆ ಎಂಬುದರಲ್ಲಿ ಒಂದು ಅಳತೆಗೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ. ಆದ್ದರಿಂದ ನಮಗೆ ಇನ್ನಷ್ಟು ಅಳತೆಗಳು ಬೇಕು."

ಈ ಕೊನೆಯ ವಾಕ್ಯವನ್ನು ಹೇಳುವಾಗ ಅವರು ನನ್ನನ್ನೇ ನೋಡಿದರು! ಅದನ್ನು ನಾನು ಆದೇಶವೆಂದು ಪರಿಗಣಿಸಿದೆ.

ಮಧ್ಯ ವಾಯುಮಂಡಲವು ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಅವರು ವಿವರಿಸಿದರಂತೆ. ಆ ಸಮಯದಲ್ಲಿ ನಾನು ಹೊರಗಿದ್ದೆ. ಚಹಾ ಬಂದಿತ್ತು. ಜೊತೆಗೆ ಬೋಂಡಾ ಇತ್ತು.

ಆದರೂ ಅನುಭವಿ ಗುಮಾಸ್ತನಾದವನು ಕಡತದಲ್ಲಿ ಒಂದು ಹಾಳೆ ಕಳೆದುಹೋದರೆ ಕೈಕಟ್ಟಿ ಕೂರುವುದಿಲ್ಲ; ಉಳಿದ ಹಾಳೆಗಳಿಂದ ಅದನ್ನು ಊಹಿಸುತ್ತಾನೆ. ಕೆಳಗೆ ನೆಲ ಇದೆ. ಮೇಲೆ ಆಕಾಶ ಇದೆ. ಆದ್ದರಿಂದ ಮಧ್ಯ ವಾಯುಮಂಡಲವು ಇವೆರಡರ ಮಧ್ಯೆ, ಅಂದರೆ ತೊಟ್ಟಿಯ ಪಕ್ಕದಲ್ಲಿದ್ದ ಮುನಿಶಾಮಪ್ಪನವರ ತೆಂಗಿನಮರದ ಸುಳಿಯ ಆಸುಪಾಸಿನಲ್ಲಿ ಆರಂಭವಾಗತಕ್ಕದ್ದು! ಅಷ್ಟು ಎತ್ತರಕ್ಕೆ ಗ್ಯಾಸ್ ಬಲೂನು ಸಾಕು. ಥರ್ಮಾಮೀಟರು ಮನೆಯಲ್ಲೇ ಇತ್ತು. ಹಿಂದಿನ ವಾರ ಶರಣಮ್ಮನಿಗೆ ಜ್ವರ ಬಂದಾಗ ತಂದದ್ದು.

ಅಮಾವಾಸ್ಯೆಯ ಹಿಂದಿನ ಸಂಜೆ ರಸೆಲ್ ಮಾರುಕಟ್ಟೆಯ ಎದುರು ಒಬ್ಬ ಬಲೂನಿನವನನ್ನು ಕಂಡೆ.

"ಬಚ್ಚೇ ಕಾ ಬರ್ತ್‌ಡೇನಾ ಸಾಬ್?"

"ಅಲ್ಲ. ಒಂದು ಜ್ವರದ ಥರ್ಮಾಮೀಟರು ಮೇಲೇರಬೇಕಾಗಿದೆ. ಅದಕ್ಕೆ ಎಷ್ಟು ಬಲೂನುಗಳು ಅವಶ್ಯವೆಂದು ದಯವಿಟ್ಟು ತಿಳಿಸುವುದು."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಯಾ ಖುದಾ! ಜ್ವರ ಇಳ್ಸೋಕೆ ಎಲ್ಲಾರೂ ಓಡಾಡ್ತಾರೆ ಸಾಬ್. ಏರ್ಸೋಕೆ ಬಂದಿದ್ದು ನೀವೇ ಫಸ್ಟು!"

ಒಂದು ದೊಡ್ಡ ಗೊಂಚಲನ್ನೇ ಕೊಂಡೆ. ಅದನ್ನು ಹಿಡಿದು ಹೊರಮಾವಿನ ಬಸ್ಸು ಹತ್ತಿದಾಗ ಕಂಡಕ್ಟರು ಅಡ್ಡ ನಿಂತ.

"ಏನ್ರೀ ಇದು? ಲಗೇಜ್ ಟಿಕೆಟ್ ತಗೊಳಿ."

"ಸ್ವಾಮಿ, ಲಗೇಜು ಎಂಬ ನಿಯಮವು ತೂಕವಿರುವ ವಸ್ತುಗಳಿಗೆ ಮಾತ್ರ ಅನ್ವಯಿಸತಕ್ಕದ್ದು. ಸದರಿ ವಸ್ತುವು ತೂಕವನ್ನು ಕಡಿಮೆ ಮಾಡುತ್ತದೆ. ನಾನು ಹತ್ತಿದ ಮೇಲೆ ತಮ್ಮ ಬಸ್ಸು ಹಗುರವಾಗಿದೆ."

"ಹಂಗಾದ್ರೆ ಬಸ್ ಮೇಲೇ ಕಟ್ರೀ, ಹಾರ್ಕೊಂಡ್ ಹೋಗ್ಬಿಡೋಣ. ಹಲಸೂರ್ ಜಾಮ್ ತಪ್ಪುತ್ತೆ!"

ಬಸ್ಸಿಗೆ ಬಸ್ಸೇ ನಕ್ಕಿತು. ಟಿಕೆಟು ಹರಿಸಿಕೊಂಡೆ. ನನಗೆ ಗೊತ್ತಿರುವಂತೆ, ನೆಲ ಮುಟ್ಟದ ಲಗೇಜಿಗೆ ಹಣ ಕೊಟ್ಟವನು ಆ ಮಾರ್ಗದಲ್ಲಿ ನಾನೊಬ್ಬನೇ.

ಮನೆಗೆ ಬಂದವನೇ ಶರಣಮ್ಮನ ಹೂ ಕಟ್ಟುವ ದಾರದ ಉಂಡೆಯನ್ನು ವಶಪಡಿಸಿಕೊಂಡು, ಕತ್ತಲಾಗುವ ಮುನ್ನ ಒಂದು ಪ್ರಾಯೋಗಿಕ ಹಾರಾಟ ನಡೆಸಿದೆ. ಥರ್ಮಾಮೀಟರು ಅದ್ಭುತವಾಗಿ ಮೇಲೇರಿ, ತೆಂಗಿನ ಸುಳಿಯ ಸಮಕ್ಕೆ ನಿಂತು, ಕ್ಷೇಮವಾಗಿ ಇಳಿಯಿತು. ಓದಿ ನೋಡುತ್ತೇನೆ: ನೂರ ಒಂದು ಡಿಗ್ರಿ!

ನನ್ನ ರೋಮಗಳು ನಿಮಿರಿದವು. ಕೆಳಗೆ ತಣ್ಣನೆ ಗಾಳಿ, ಮೇಲೆ ನೂರ ಒಂದು! ಉಪನ್ಯಾಸಕರು ಹೇಳಿದ್ದ ಬೆಚ್ಚನೆಯ ಪದರ ಇದೇ! ಓಜೋನ್ ನಮ್ಮ ವಠಾರದ ಮೇಲೆಯೇ ಕೂತಿದೆ!

ಶರಣಮ್ಮ ಥರ್ಮಾಮೀಟರನ್ನು ಕೈಗೆ ತೆಗೆದುಕೊಂಡು ನೋಡಿದಳು.

"ಅಲ್ರಿ, ಇದು ಹೋದ ವಾರದ ನನ್ನ ಜ್ವರ ಐತ್ರಿ! ನೀವ ನೋಡಿ ನೂರಾ ಒಂದು ಅಂದಿದ್ರಿ. ಝಾಡಿಸಲಾರದ ಹಂಗ ಡಬ್ಬ್ಯಾಗ ಇಟ್ಟೀರಿ."

"ಶರಣಾ, ನಿನ್ನ ಜ್ವರಕ್ಕೂ ವಾಯುಮಂಡಲಕ್ಕೂ ಸಂಬಂಧ ಕಲ್ಪಿಸುವುದು ಅವೈಜ್ಞಾನಿಕ."

"ನನಗೂ ಆಕಾಶಕ್ಕೂ ಒಂದ ಜ್ವರ ಬಂದದೇನ್ರಿ ಹಂಗಾದ್ರ? ಅದಕ್ಕೂ ಗುಳಿಗಿ ಕೊಟ್ಟು ಬರ್ರಿ."

ಈ ಆಕ್ಷೇಪಣೆಯನ್ನು ನಾನು ತಿರಸ್ಕರಿಸಿದೆ. ನೇರವಾಗಿ ಮುನಿಶಾಮಪ್ಪನವರ ಜಗಲಿಗೆ ಹೋಗಿ ವರದಿ ಒಪ್ಪಿಸಿದೆ. ಅವರು ಗಾಬರಿಯಿಂದ ಮರವನ್ನು ನೋಡಿದರು.

"ನೂರಾ ಒಂದಾ! ಅದ್ಕೇ ಈ ಸತಿ ಕಾಯಿ ಎಲ್ಲಾ ಸಣ್ಣ ಆಗೋಗವೆ!"

"ನಾಳೆ ಗ್ರಹಣ ಹಿಡಿದಾಗ ಈ ಶಾಖ ಇಳಿಯಬೇಕು. ಅದನ್ನು ಅಳೆಯಲು ಅಂಗಳದಲ್ಲಿ ನಿಲ್ಲುವುದಕ್ಕೆ ತಮ್ಮ ಪೂರ್ವಾನುಮತಿ ಕೋರುತ್ತೇನೆ."

"ಗ್ರಹಣದಾಗೆ ಆಚೀಕ್ ಬರಬಾರ್ದು ಸಾಮಿ. ನಮ್ಮನೇಲಿ ಬಲೇ ಮಡಿ."

"ಅಳತೆ ಸರಿಯಾಗಿ ಬಂದರೆ, ಹೊರಮಾವು ಮುನಿಶಾಮಪ್ಪನವರ ತೋಟದಲ್ಲಿ ಎಂದೇ ಪತ್ರಿಕೆಗೆ ಬರೆಯುತ್ತೇನೆ."

ಅವರು ಮೀಸೆ ಮುಟ್ಟಿಕೊಂಡರು. "ಪೇಪರ್‌ನಾಗೆ ಬತ್ತದಾ? ಫೋಟಾನೂ ಆಕ್ತಾರಾ?... ಸರಿ, ಗಲಾಟೆ ಆಗ್ದಂಗೆ ಮಾಡ್ಕಳಿ."

ಅನುಮೋದನೆ ದೊರೆಯಿತು! ಮೂಲೆಮನೆಯ ನಲ್ಲಿಯಲ್ಲಿ ನೀರು ಬೀಳುವ ಸದ್ದು ನನಗೆ ಆಗಲೇ ಕೇಳಿಸುತ್ತಿತ್ತು.

ಗ್ರಹಣದ ದಿನ ಬೆಳಕು ಹರಿಯುವ ಮುಂಚೆಯೇ ಮುನಿಶಾಮಪ್ಪನವರು ಮೋಟಾರು ಹಾಕಿ ತೊಟ್ಟಿಯನ್ನು ಅಂಚಿನವರೆಗೆ ತುಂಬಿಸಿದರು. ಗ್ರಹಣ ಬಿಟ್ಟ ಮೇಲೆ ಎಂಟು ಮನೆಯವರೂ ತಲೆಗೆ ಸ್ನಾನ ಮಾಡಬೇಕು. ಸ್ನಾನವಾಗದೆ ಒಲೆ ಹಚ್ಚುವಂತಿಲ್ಲ. ಒಲೆ ಹಚ್ಚದೆ ಹಬ್ಬವಿಲ್ಲ. ಅವರ ಹೆಂಡತಿ ಜಯಮ್ಮನವರು ಉಪ್ಪಿನಕಾಯಿ ಜಾಡಿಯ ಮೇಲೆ, ಹಾಲಿನ ಮೇಲೆ, ಕೊನೆಗೆ ತೊಟ್ಟಿಯ ನೀರಿನ ಮೇಲೂ ದರ್ಭೆ ಹಾಕಿ ಬಾಗಿಲು ಮುಚ್ಚಿಕೊಂಡರು. ವಠಾರದಲ್ಲಿ ಒಂದು ನರಪಿಳ್ಳೆಯೂ ಹೊರಗಿಲ್ಲ. ಕಿಟಕಿಗಳ ಸಂದಿಯಲ್ಲಿ ಮಾತ್ರ ಕಣ್ಣುಗಳಿದ್ದವು.

ಸಮಸ್ಯೆ ಉದ್ಭವಿಸಿದ್ದು ಬಲೂನುಗಳಿಂದ. ಸೂರಿಗೆ ತಾಗಿ ಮೆರೆಯುತ್ತಿದ್ದ ಅವು ಬೆಳಗಾಗುವಷ್ಟರಲ್ಲಿ ಸೊರಗಿ, ನನ್ನ ಎದೆಯ ಮಟ್ಟಕ್ಕೆ ಇಳಿದು, ನಿವೃತ್ತಿಗೆ ಹತ್ತಿರವಾದ ನೌಕರರಂತೆ ತೂಗಾಡುತ್ತಿದ್ದವು. ಹೊರೆ ತಗ್ಗಿಸುವ ಸಲುವಾಗಿ ನಾನು ಥರ್ಮಾಮೀಟರಿನ ರಕ್ಷಣಾ ಕೊಳವೆಯನ್ನು ತೆಗೆದುಹಾಕಿದೆ. ಬರೀ ಗಾಜಿನ ಕಡ್ಡಿಯನ್ನು ಕಟ್ಟಿದೆ. ಇದು ಅತ್ಯಂತ ಸೂಕ್ತ ನಿರ್ಧಾರವೆಂದು ಆಗ ಅನ್ನಿಸಿತ್ತು. ಗೊಂಚಲು ಹೇಗೋ ಮೆಲ್ಲಗೆ ಮೇಲೇರಿತು.

"ಬ್ಯಾಡ್ರಿ, ಒಳಗ ಬರ್ರಿ. ಮನಿ ಕೈ ತಪ್ಪತದ ನೋಡ್ರಿ," ಎಂದು ಶರಣಮ್ಮ ಬಾಗಿಲ ಸಂದಿಯಿಂದ ಪಿಸುಗುಟ್ಟಿದಳು.

"ಮನೆ ಸಿಗುವುದೇ ಇದರಿಂದ!" ಎಂದೆ.

ಗ್ರಹಣ ಹಿಡಿಯಿತು. ಸತ್ಯ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ನನಗೆ ಮನೆಯೂ ಮರೆತುಹೋಯಿತು. ಬಿಸಿಲು ಇದ್ದೂ ಇಲ್ಲದಂತೆ ತೆಳುವಾಯಿತು. ಕಾಗೆಗಳು ಕೂಗುವುದನ್ನು ನಿಲ್ಲಿಸಿದವು. ಸೀಬೆಮರದ ಕೆಳಗೆ ಎಲೆಗಳ ಸಂದಿಯಿಂದ ಬೀಳುವ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿ, ಅಂಗಳದ ತುಂಬ ಸಣ್ಣ ಸಣ್ಣ ಸೂರ್ಯರು ಚದುರಿಬಿದ್ದಿದ್ದರು. ತೋಳಿನ ಮೇಲೆ ತಣ್ಣನೆ ಗಾಳಿ ಸುಳಿಯಿತು.

ಆ ತಣ್ಣನೆ ಗಾಳಿಯೇ ಬಲೂನುಗಳನ್ನು ಒಯ್ದು ತೆಂಗಿನಮರಕ್ಕೆ ಸಿಕ್ಕಿಸಿತು.

ದಾರ ಎಳೆದೆ. ಬರಲಿಲ್ಲ. ಸ್ವಲ್ಪ ಜೋರಾಗಿ ಎಳೆದೆ. ಢಬ್! ಒಂದು ಬಲೂನು ಒಡೆಯಿತು. ಇನ್ನೂ ಎಳೆದೆ. ಢಬ್, ಢಬ್, ಢಬ್!

"ಯಾವನ್ಲಾ ಅವ್ನು ಗ್ರಹಣದಾಗೆ ಪಟಾಕಿ ಒಡೀತಾ ಇರಾದು?" ಎಂದು ಒಳಗಿನಿಂದ ಮುನಿಶಾಮಪ್ಪನವರ ಗರ್ಜನೆ ಕೇಳಿಸಿತು.

ಆ ಗಾಬರಿಯಲ್ಲಿ ದಾರವನ್ನು ಎರಡೂ ಕೈಗಳಿಂದ ಜಗ್ಗಿದೆ. ಒಂದು ಒಣಗಿದ ಗರಿ ಬಲೂನುಗಳ ಸಮೇತ, ಥರ್ಮಾಮೀಟರಿನ ಸಮೇತ ಬುಡ ಕಳಚಿ ಬಂತು. ನೆಲದ ಮೇಲೆ ಬಿದ್ದಿದ್ದರೆ ಈ ಬರಹದ ಅವಶ್ಯಕತೆಯೇ ಇರುತ್ತಿರಲಿಲ್ಲ. ಅದು ತೊಟ್ಟಿಯ ಮೇಲೆ ಬಿತ್ತು. ಗಾಜಿನ ಕಡ್ಡಿ ತೊಟ್ಟಿಯ ಅಂಚಿಗೆ ಬಡಿದು ಟಕ್ಕೆಂದಿತು. ಪಾದರಸ ಬೆಳ್ಳಿಯ ಸಾಸಿವೆಕಾಳಿನಂತೆ ಉರುಳಿ, ದರ್ಭೆಯ ಪಕ್ಕದಲ್ಲೇ ಜಾರಿ, ನೀರಿನ ತಳ ಸೇರಿತು.

ತಾಪಮಾನ ಕೊನೆಗೂ ಇಳಿಯಿತು. ತೊಟ್ಟಿಯೊಳಕ್ಕೆ!

ಗ್ರಹಣ ಇನ್ನೂ ಬಿಟ್ಟಿರಲಿಲ್ಲ. ಆದರೂ ಎಂಟು ಬಾಗಿಲುಗಳು ತೆರೆದವು. ಸೆಲ್ವಂ ಬಗ್ಗಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಐಯೋ! ಸಾರ್, ಪಾದರಸ ಸಾರ್ ಅದು, ವಿಷ! ಯಾರೂ ಒಂದ್ ಚೊಂಬೂ ಮುಟ್ಬೇಡಿ. ಮಕ್ಳಿದಾರೆ ಮನೇಲಿ."

"ಅತ್ಯಲ್ಪ ಪ್ರಮಾಣದ್ದು..." ಎಂದು ನಾನು ಆರಂಭಿಸಿದೆ.

"ಹಂಗಾದ್ರೆ ನೀವು ಒಂದ್ ಲೋಟ ಕುಡೀರಿ ಸಾರ್, ನೋಡ್ತೀವಿ."

ನನ್ನ ಪ್ರಸ್ತಾವನೆಯನ್ನು ಹಿಂಪಡೆದೆ. ಮುನಿಶಾಮಪ್ಪನವರು ತೊಟ್ಟಿಯ ಬುಡದ ಬಿರಡೆ ಕಿತ್ತರು. ಹಬ್ಬದ ನೀರೆಲ್ಲ ಎಂಟು ಮನೆಯವರ ಕಣ್ಣೆದುರಿಗೇ ರಸ್ತೆಬದಿಯ ಗುಂಡಿಗೆ ಹರಿಯಿತು. ಖಾಲಿಯಾದ ತೊಟ್ಟಿಯನ್ನು ಸೆಲ್ವಂ ಉಜ್ಜಿ ಉಜ್ಜಿ ಒರೆಸಿದ. ಆ ಹೊತ್ತಿಗೆ ಗ್ರಹಣ ಬಿಟ್ಟಿತು. ಮುನಿಶಾಮಪ್ಪನವರು ಮೋಟಾರಿನ ಗುಂಡಿ ಒತ್ತಿದರು.

ಕರೆಂಟು ಹೋಗಿತ್ತು!

ಮಾನ್ಯ ಓದುಗರು ಆ ದೃಶ್ಯವನ್ನು ಕಲ್ಪಿಸಿಕೊಳ್ಳಬೇಕಾಗಿ ವಿನಂತಿ. ದೀಪಾವಳಿಯ ದಿನ. ಎಂಟು ಸಂಸಾರಗಳು. ಮೋಟಾರು ಓಡದೆ ಮೂಲೆಮನೆಯ ನಲ್ಲಿಯೂ ಒಣಗಿತ್ತು. ಯಾರಿಗೂ ಸ್ನಾನವಿಲ್ಲ, ಆದ್ದರಿಂದ ಒಲೆಯಿಲ್ಲ, ಆದ್ದರಿಂದ ತಿಂಡಿಯಿಲ್ಲ. ಮಕ್ಕಳು ಅಳುತ್ತಿದ್ದವು. ದೊಡ್ಡವರು ಹೆಗಲಿಗೆ ಟವೆಲು ಹಾಕಿಕೊಂಡು, ಕೈಯಲ್ಲಿ ಖಾಲಿ ಬಕೆಟು ಹಿಡಿದು, ಸಾಲಾಗಿ ನಿಂತು ನನ್ನನ್ನು ನೋಡುತ್ತಿದ್ದರು.

"ಏನ್ ಸಾರ್, ವಾಯುಮಂಡಲ ತಣ್ಣಗಾಯ್ತಾ?" ಸೆಲ್ವಂ ಕೇಳಿದ. "ಇಲ್ಲಿ ಮಾತ್ರ ಎಲ್ಲಾ ಬಿಸಿಯಾಗಿದೆ."

"ಗಲಾಟೆ ಮಾಡಬ್ಯಾಡಿ ಅಂದಿದ್ದೆ ನಾನು," ಎಂದರು ಮುನಿಶಾಮಪ್ಪನವರು. ಅಷ್ಟೇ. ಆ ಒಂದು ಮಾತಿನಲ್ಲಿ ಮೂಲೆಮನೆಯ ಬಾಗಿಲು ಮುಚ್ಚಿದ ಸದ್ದಿತ್ತು. ಶರಣಮ್ಮನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಅವಳು ನನ್ನ ಮುಖ ನೋಡುವ ಗೋಜಿಗೇ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುನಿಶಾಮಪ್ಪನವರ ಮುಂದೆ ಬಂದಳು.

"ಗೌಡ್ರ, ತ್ವಾಟದ ಹಿಂದ ಬಾವಿ ಐತಲ್ರಿ, ನೀರದಾವಿಲ್ಲೋ?"

"ಅವೆ ಕಣವ್ವ. ನೀರೂ ಚಂದಾಗವೆ. ಆದ್ರೆ ಮೋಟಾರ್ ಬಂದ್ಮ್ಯಾಕೆ ಮನುಷ್ರು ಯಾರೂ ಸೇದಿಲ್ಲ. ರಾಟೆ ತುಕ್ಕಿಡ್ದೋಗದೆ."

"ಗಾಲಿ ಯಾತಕ್ರಿ? ನಮ್ಮೂರಾಗ ಇದರ ಎರಡರಷ್ಟು ಆಳ ಇರ್ತಾವು. ಹಗ್ಗ ಕೊಡ್ರಿ. ಏ ಯಕ್ಕಾ, ಎಲ್ಲಾರೂ ಸಾಲಾಗಿ ನಿಂದ್ರಿ, ಕೊಡ ಕೈಯಿಂದ ಕೈಗೆ ದಾಟಿಸ್ರಿ. ಮೊದಲ ಕೂಸುಗಳದ್ದು ಜಳಕ ಆಗ್ಲಿ!"

ವಠಾರಕ್ಕೆ ಜೀವ ಬಂತು. ಶರಣಮ್ಮ ಬಾವಿಯ ಕಟ್ಟೆಯ ಮೇಲೆ ಕಾಲೂರಿ ಸೇದುತ್ತಾಳೆ, ಕೊಡ ಕೈಯಿಂದ ಕೈಗೆ ಓಡುತ್ತದೆ, ಅತ್ತ ಮಕ್ಕಳ ತಲೆಯ ಮೇಲೆ ನೀರು ಸುರಿಯುತ್ತದೆ. ನನಗೂ ಕರ್ತವ್ಯಪ್ರಜ್ಞೆ ಜಾಗೃತವಾಯಿತು.

"ಸ್ವಲ್ಪ ವಿಶ್ರಮಿಸು. ನಾನು ಸೇದುತ್ತೇನೆ."

"ಬ್ಯಾಡ್ರಿ."

"ಇದರಲ್ಲಿ ವಿಜ್ಞಾನವೇನೂ ಇಲ್ಲ ಶರಣಾ."

"ಅದಕ್ಕ ಬ್ಯಾಡಂತೀನ್ರಿ. ಇದು ಕೆಲಸ."

ಆದರೂ ಹಗ್ಗ ಕಸಿದುಕೊಂಡೆ. ಇಳಿಬಿಟ್ಟೆ. ಕೊಡ ನೀರು ಮುಟ್ಟಿದ ಸದ್ದು ಕೇಳಿತು. ಆನಂದದಿಂದ ಎಳೆದೆ. ಹಗ್ಗ ಮಾತ್ರ ಮೇಲೆ ಬಂತು. ಕುಣಿಕೆಯನ್ನು ನಾನು ಕಡತಕ್ಕೆ ಕಟ್ಟುವ ಟೇಪಿನ ಶೈಲಿಯಲ್ಲಿ ಕಟ್ಟಿದ್ದೆ.

"ನಮ್ಮವ್ವ ಕೊಟ್ಟಿದ್ ಹಿತ್ತಾಳೆ ಕೊಡ!" ಎಂದು ಜಯಮ್ಮನವರು ಎದೆಗೆ ಕೈ ಇಟ್ಟುಕೊಂಡರು.

ಬಾವಿಗೆ ಬಿದ್ದ ಕೊಡ ತೆಗೆಯಲು ಕೊಕ್ಕೆಗಳ ಗೊಂಚಲಾದ ಪಾತಾಳಗರಡಿಯೇ ಬೇಕು. ಅದನ್ನು ಅಟ್ಟದಿಂದ ಹುಡುಕಿ ತಂದು ಸೆಲ್ವಂ ಕೊಡವನ್ನು ಮೇಲಕ್ಕೆತ್ತಿದ. ಬೆಳಿಗ್ಗೆ ಅಂತರಿಕ್ಷದ ದಿಕ್ಕಿನಲ್ಲಿ ಹೊರಟಿದ್ದ ನನ್ನ ಸಂಶೋಧನೆಯು ಮಧ್ಯಾಹ್ನದ ಹೊತ್ತಿಗೆ ಪಾತಾಳ ತಲುಪಿತ್ತು!

ಎಲ್ಲರ ಸ್ನಾನ ಮುಗಿಯಿತು. ಒಲೆಗಳು ಉರಿದವು. ಹೊತ್ತು ಮೀರಿದರೂ ಹೋಳಿಗೆಯ ವಾಸನೆ ಬಂತು. ನನಗೆ ಕೊನೆಯ ಸರದಿ. ಒಂದು ಚೊಂಬು ಮಂಜೂರಾಯಿತು.

ಮುಂದಿನ ಭಾನುವಾರ ಅದೇ ಉಪನ್ಯಾಸಕರನ್ನು ಕಂಡು, ಮನಸ್ಸಿನ ಸಮಾಧಾನಕ್ಕಾಗಿ ನಡೆದದ್ದನ್ನು ಅರಿಕೆ ಮಾಡಿಕೊಂಡೆ. ಅವರು ಕನ್ನಡಕ ತೆಗೆದು ಒರೆಸಿದರು.

"ಮಧ್ಯ ವಾಯುಮಂಡಲ ಶುರುವಾಗೋದೇ ವಿಮಾನಗಳು ಹಾರೋ ಎತ್ತರದ ಮೇಲೆ ಕಣ್ರೀ. ಅಲ್ಲಿಂದ ಇನ್ನೂ ಬಹಳ ದೂರ ಮೇಲಕ್ಕಿದೆ. ಅದಕ್ಕೇ ರಾಕೆಟ್ಟು ಹಾರಿಸೋದು."

"ಹಾಗಾದರೆ ತೆಂಗಿನಮರ?"

"ತೆಂಗಿನಮರ ಬರೋದಿಲ್ಲ."

"ಬಹಳ ಎತ್ತರದ ಜಾತಿ ಸರ್."

"ಬರೋದಿಲ್ಲ. ಇನ್ನೊಂದು ವಿಷಯ. ಜ್ವರದ ಥರ್ಮಾಮೀಟರು ಏರಿದ್ದನ್ನ ಹಿಡಿದಿಟ್ಟುಕೊಳ್ಳುತ್ತೆ. ಕೊಡವಿದರೆ ಮಾತ್ರ ಇಳಿಯುತ್ತೆ. ಸೂರ್ಯ ಪೂರ್ತಿ ಆರಿಹೋಗಿದ್ದರೂ ನಿಮ್ಮದು ನೂರ ಒಂದೇ ತೋರಿಸ್ತಿತ್ತು. ನೀವು ಹಾರಿಸಿದ್ದು ನಿಮ್ಮ ಮನೆಯವರ ಜ್ವರವನ್ನ."

ಈ ಮಾಹಿತಿಯನ್ನು ಶರಣಮ್ಮನಿಗೆ ತಿಳಿಸಿದೆ. ಅವಳು ನಗಲಿಲ್ಲ. ಮೂಲೆಮನೆಯ ಕಡೆ ಒಮ್ಮೆ ನೋಡಿ, ಬಕೆಟ್ ಎತ್ತಿಕೊಂಡು ಸಾಲಿಗೆ ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

ಮೂಲೆಮನೆ ಖಾಲಿಯಾದ ದಿನ ಸಂಜೆ ಮುನಿಶಾಮಪ್ಪನವರು ಬೀಗದಕೈ ಹಿಡಿದು ಅಂಗಳಕ್ಕೆ ಬಂದರು. ಸೆಲ್ವಂ ಆಗಲೇ ಶರ್ಟು ಬದಲಾಯಿಸಿ ನಿಂತಿದ್ದ. ಆದರೆ ಅವರು ಅವನನ್ನು ದಾಟಿ ನಮ್ಮ ಬಾಗಿಲಿಗೆ ಬಂದರು! ನನ್ನ ಹೃದಯ ತುಂಬಿ ಬಂತು. ಸುದೀರ್ಘವಾದ ಕೃತಜ್ಞತಾ ವಾಕ್ಯವೊಂದನ್ನು ಮನಸ್ಸಿನಲ್ಲೇ ಸಿದ್ಧಪಡಿಸಿಕೊಂಡು ಎರಡೂ ಕೈ ಚಾಚಿದೆ.

ಅವರು ನನ್ನ ಕೈಗಳನ್ನೂ ದಾಟಿದರು.

"ತಗಳವ್ವ ಶರಣಮ್ಮ. ಅವತ್ತು ನೀನಿಲ್ದಿದ್ರೆ ನಮ್ಮನೇಲಿ ದೀಪಾನೇ ಅಚ್ತಿರ್ಲಿಲ್ಲ. ಮನೆ ನಿಂಗೆ ಕೊಟ್ಟಿರಾದು. ಇವ್ರುನ್ನ ಒಳೀಕ್ ಬಿಟ್ಕಳಾದು, ಬಿಡಾದು ನಿನ್ನಿಷ್ಟ."

"ಸರಿಯಾಗೇ ಕೊಟ್ರಿ ಗೌಡ್ರೇ," ಎಂದ ಸೆಲ್ವಂ, ಅಂಗಿಯ ಗುಂಡಿ ಬಿಚ್ಚಿಕೊಳ್ಳುತ್ತ. "ಅಕ್ಕನಿಗೆ ಅಂದ್ರೆ ನಂಗೂ ಓಕೆ. ಸಾರ್‌ಗೆ ಕೊಟ್ಟಿದ್ರೆ ನಾನು ಸ್ಟ್ರೈಕ್ ಮಾಡ್ತಿದ್ದೆ."

ಶರಣಮ್ಮ ಬೀಗದಕೈಯನ್ನು ಕಣ್ಣಿಗೊತ್ತಿಕೊಂಡು ನೇರವಾಗಿ ಒಳಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ಬಂತು. ಅದನ್ನು ನಿಲ್ಲಿಸಿದಳು. ಮತ್ತೆ ಬಿಟ್ಟಳು. ಅವಳು ಅಷ್ಟು ಹೊತ್ತು ನಕ್ಕಿದ್ದನ್ನು ನಾನು ಮದುವೆಯಾದಂದಿನಿಂದ ನೋಡಿರಲಿಲ್ಲ. ಹಾಸಿಗೆಯ ಸುರುಳಿಯನ್ನು ತಲೆಯ ಮೇಲೆ ಹೊತ್ತು ಹೊಸ್ತಿಲಲ್ಲಿ ನಿಂತು, "ನಾನೂ ಒಳಗೆ ಬರಬಹುದೇ?"  ಎಂದು ಕೇಳಿದೆ.

"ಅರ್ಜಿ ಬರೀರಿ," ಎಂದಳು. "ನೋಡ್ತೀನಿ."

ಬರೆದೆ. ವಿಷಯ, ಉಲ್ಲೇಖ, ವಿಧೇಯ ಎಲ್ಲವೂ ಕ್ರಮಬದ್ಧವಾಗಿತ್ತು. ಅದರನ್ವಯ ನನಗೆ ಸದರಿ ಮನೆಯಲ್ಲಿ ತಾತ್ಕಾಲಿಕ ನೆಲೆಯ ಮೇಲೆ ಪ್ರವೇಶ ದೊರೆಯಿತು. ಇಷ್ಟು ವರ್ಷಗಳಾದವು. ಖಾಯಂ ಆದೇಶ ಇನ್ನೂ ಬಂದಿಲ್ಲ.